ಯೆಜ್ಡಿಯ ಸದ್ದು

1986ರಲ್ಲಿ ಶಿರಾದ ಕಡಲೆಕಾಯಿ ವ್ಯಾಪಾರಿಯೊಬ್ಬರಿಂದ ನಾನು ಹಳೆಯ ಯೆಜ್ಡಿ ಕೊಂಡೆ. ಮನೆ ಮಧುಗಿರಿಯಲ್ಲಿ, ಮೇಷ್ಟ್ರ ಕೆಲಸ ಪಾವಗಡದ ಕಡೆಯ ಹಳ್ಳಿಯಲ್ಲಿ. ಬಸ್ಸನ್ನು ನಂಬಿ ಬದುಕುವುದು ಸಾಕಾಗಿತ್ತು. ಗಾಡಿಯ ಜೊತೆಗೆ ಒಂದು ಸದ್ದನ್ನೂ ಕೊಂಡಿದ್ದೇನೆಂದು ವಾರದೊಳಗೆ ತಿಳಿಯಿತು. ಬೆಳಿಗ್ಗೆ ಕಿಕ್ ಹೊಡೆದ ಕೂಡಲೇ ಎಂಜಿನ್ನಿನೊಳಗೆ ಯಾರೋ ಬಾಗಿಲು ತಟ್ಟಿದ ಹಾಗೆ ಟಕಟಕ.

ಕೊರಟಗೆರೆಯಲ್ಲಿ ಒಬ್ಬರು ಬೋರ್ ಹೋಗಿದೆ ಅಂದರು. ಶಿರಾದಲ್ಲಿ ಇನ್ನೊಬ್ಬರು ಕನೆಕ್ಟಿಂಗ್ ರಾಡು ಅಂದರು, ಖರ್ಚನ್ನೂ ಹೇಳಿದರು; ಅದು ನನ್ನ ತಿಂಗಳ ಸಂಬಳಕ್ಕೆ ಹತ್ತಿರವಿತ್ತು. ಮಧುಗಿರಿಯ ಸಾಬರು ಮಾತ್ರ ಸ್ಪ್ಯಾನರ್ ಮುಟ್ಟದೆ ಕೇಳಿದರು: "ಬಿಸಿ ಆದ್ಮೇಲೆ ಸದ್ದು ಕಮ್ಮಿ ಆಗ್ತೈತೋ ಜಾಸ್ತಿ ಆಗ್ತೈತೋ ಮೇಷ್ಟ್ರೇ?"

ಕಮ್ಮಿ ಆಗುತ್ತದೆ ಅಂದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಸಿಲಿಂಡರಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ಎಡಗಡೆಯ ಚೈನಿನ ಕವರು, ಬಲಗಡೆಯ ಡೈನಮೋ. ನಮ್ಮೂರ ಡಾಕ್ಟರು ಎದೆ ನೋಡುವಾಗಲೂ ಇಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. ಅವರ ಲೆಕ್ಕ ಹೀಗಿತ್ತು: ತಣ್ಣಗಿದ್ದಾಗ ಬಡಿದು ಬಿಸಿಯಾದಾಗ ಅಡಗಿದರೆ ಪಿಸ್ಟನ್ನು, ಅಲ್ಯೂಮಿನಿಯಂ ಕಾದು ಹಿಗ್ಗಿ ಸಂದು ತುಂಬಿಕೊಳ್ಳುತ್ತದೆ. ಕ್ಲಚ್ ಹಿಡಿದಾಗ ಸದ್ದು ಬದಲಾದರೆ ಕ್ಲಚ್ಚು. ಏರಿನಲ್ಲಿ ಭಾರ ಬಿದ್ದಾಗ ಅಡಿಯಿಂದ ದಪ್ಪಗೆ ಗುದ್ದಿದರೆ ಕನೆಕ್ಟಿಂಗ್ ರಾಡಿನ ಬೇರಿಂಗು, ಗಾಡಿ ನಿಲ್ಲಿಸಬೇಕು. "ನಿಮ್ದು ಪಿಸ್ಟನ್ನು. ಇನ್ನೆರಡು ವರ್ಷ ಓಡಿಸಿ. ಎಣ್ಣೆ ಮಾತ್ರ ಲೀಟರಿಗೆ 40 ಎಂ.ಎಲ್. ತಪ್ಪಬಾರ್ದು."

ಆ ಗಾಡಿ ಮೈಸೂರಿನದು. ಜೆಕೊಸ್ಲೊವಾಕಿಯಾದಲ್ಲಿ 1929ರಲ್ಲಿ ಯಾನೆಚೆಕ್ ಎಂಬಾತ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ಕೆಲಸವನ್ನು ಕೊಂಡು, ಎರಡೂ ಹೆಸರುಗಳ ಮೊದಲಕ್ಷರ ಸೇರಿಸಿ ಜಾವಾ ಎಂದು ಕರೆದ. ರುಸ್ತುಂ ಇರಾನಿಯವರು ಅದನ್ನು ಯಾದವಗಿರಿಗೆ ತಂದರು. 1961ರಿಂದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಿಕೆ ನಡೆಯಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿಯಾಯಿತು, ಎಂಜಿನ್ ಅದೇ ವಂಶದ್ದು: 250 ಸಿ.ಸಿ., ಒಂದು ಸಿಲಿಂಡರು, ಎರಡು ಸೈಲೆನ್ಸರು. ಕಿಕ್ ಹೊಡೆದ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಗೇರು. ಟೂ ಸ್ಟ್ರೋಕ್ ಆದ್ದರಿಂದ ಪಿಸ್ಟನ್ನಿಗೆ ಬೇರೆ ಎಣ್ಣೆಯಿಲ್ಲ, ಪೆಟ್ರೋಲಿನಲ್ಲಿ ಬೆರೆಸಿದ್ದೇ ಅದರ ಅನ್ನ.

ಆ ಅನ್ನಕ್ಕೆ ನಾನು ಕತ್ತರಿ ಹಾಕಿದೆ. ಹೊಗೆಯಿಂದ ಪ್ಯಾಂಟಿನ ಹಿಂಭಾಗ ಕಪ್ಪಾಗುತ್ತಿತ್ತು, ಸಹೋದ್ಯೋಗಿಗಳು ನಗುತ್ತಿದ್ದರು. ಬಂಕಿನ ಹುಡುಗನಿಗೆ ಎಣ್ಣೆ ಅರ್ಧ ಸಾಕು ಅಂದೆ. ಹೊಗೆ ಹೋಯಿತು. ಆಶ್ಚರ್ಯವೆಂದರೆ ಓಡುವಾಗ ಉಳಿದಿದ್ದ ಅಷ್ಟಿಷ್ಟು ಟಕಟಕವೂ ಅಡಗಿತು. ಸಾಬರಿಗೆ ಹೆಮ್ಮೆಯಿಂದ ಹೇಳಿದೆ. "ಯಾಕೆ ಕಮ್ಮಿ ಆಯ್ತು? ಎಣ್ಣೆ ಸರಿಯಾಗಿ ಹಾಕ್ತಿದೀರಾ?" ಅಂದರು. ಹಾಕುತ್ತಿದ್ದೇನೆ ಎಂದು ಸುಳ್ಳು ಹೇಳಿದೆ.

1988ರ ಬೇಸಿಗೆ. ಪಾವಗಡದಲ್ಲಿ ಮಾವನ ಮನೆಯಲ್ಲಿದ್ದ ನಮ್ಮ ಮೂರು ವರ್ಷದ ಮಗನಿಗೆ ವಿಪರೀತ ಜ್ವರ. ಮಧುಗಿರಿಯ ನಮ್ಮ ಡಾಕ್ಟರಿಗೇ ತೋರಿಸೋಣವೆಂದು, ಅವನನ್ನು ಮಡಿಲಲ್ಲಿಟ್ಟುಕೊಂಡ ಹೆಂಡತಿಯನ್ನು ಹಿಂದೆ ಕೂರಿಸಿ ರಾತ್ರಿ ಹೊರಟೆ. ಅವಸರಕ್ಕೆ ಜೋರಾಗಿಯೇ ಓಡಿಸಿದೆ. ಮಿಡಿಗೇಶಿಯ ಹತ್ತಿರ ಎಂಜಿನ್ನಿನ ಸದ್ದು ಸಣ್ಣಗಾಗಿ, ಬಿಗಿಯಾಗಿ, ಗಂಟಲು ಒಣಗಿದವನು ಕೂಗಿದಂತೆ ಕೇಳಿತು. ಅಷ್ಟರಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಜಾರಿತು. ಕೈ ತಾನಾಗಿ ಕ್ಲಚ್ ಹಿಡಿಯಿತು, ಬೀಳಲಿಲ್ಲ. ನಿಂತೆವು. ಕತ್ತಲಲ್ಲಿ ಮಿಡಿಗೇಶಿ ಬೆಟ್ಟ. ಮಗುವಿನ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ.

ಕಿಕ್ಕರ್ ಕಲ್ಲಿನಂತೆ ನಿಂತಿತ್ತು. ಒಂದು ಲಾರಿ ಕೈ ಅಡ್ಡ ಹಿಡಿದರೂ ನಿಲ್ಲದೆ ಹೋಯಿತು. ಹೆಂಡತಿ ಸೆರಗು ನೆನೆಸಿ ಮಗನ ಹಣೆ ಒರೆಸುತ್ತಿದ್ದಳು, ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅರ್ಧ ಗಂಟೆಯ ಮೇಲೆ, ತಣ್ಣಗಾದ ಎಂಜಿನ್ನು ಕಿಕ್ಕಿಗೆ ಬಗ್ಗಿತು. ಗಂಟೆಗೆ 20 ಕಿ.ಮೀ. ಮೀರದೆ ತೆವಳುತ್ತಾ ಬಂದು ಡಾಕ್ಟರ ಬಾಗಿಲು ತಟ್ಟಿದಾಗ ನಡುರಾತ್ರಿ ದಾಟಿತ್ತು. ಮಗ ಉಳಿದ.

ಸಾಬರು ಸಿಲಿಂಡರ್ ಬಿಚ್ಚಿದರು. ಪಿಸ್ಟನ್ನಿನ ಮೈಮೇಲೆ ಉಗುರಿನಿಂದ ಪರಚಿದಂತೆ ಉದ್ದುದ್ದ ಗೀರು. ಈ ಸಲ ಅವರು ಕೇಳುವ ಮುಂಚೆಯೇ ಎಣ್ಣೆಯ ವಿಷಯ ಹೇಳಿದೆ. ಬೈಯಲಿಲ್ಲ. "ಟಕಟಕ ಅಂತಿದ್ದಾಗ ಚೆನ್ನಾಗಿತ್ತು ಮೇಷ್ಟ್ರೇ, ಕಾವು ಜಾಸ್ತಿಯಾಗಿ ಬಿಗಿಯಾದ್ದಕ್ಕೇ ಸುಮ್ಮನಾಗಿದ್ದು" ಅಂದರು. ಬೋರ್ ಮಾಡಿಸಿ ದೊಡ್ಡ ಸೈಜಿನ ಪಿಸ್ಟನ್ ಹಾಕಿದರು.

ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆಮೇಲೂ ಹಲವು ವರ್ಷ ನಮ್ಮ ಕಡೆಯ ಯೆಜ್ಡಿಗಳು ಸಾಬರಂಥವರ ಕಿವಿಯ ಮೇಲೆ ಓಡಿದವು. 2018ರಲ್ಲಿ ಬೇರೆಯವರು ಜಾವಾ ಹೆಸರನ್ನು ಮತ್ತೆ ತಂದರು, ಈಗ ಫೋರ್ ಸ್ಟ್ರೋಕು, ನೀರಿನಿಂದ ತಣ್ಣಗಾಗುವ ಎಂಜಿನ್ನು. ಆ ರಾತ್ರಿಯ ಮಗನೇ ಒಂದನ್ನು ಕೊಂಡು ಸಾಬರಿಗೆ ತೋರಿಸಲು ಒಯ್ದ. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು ಅವರಿಗೆ. ಸುತ್ತ ನಡೆದು ನೋಡಿ, "ಕಿಕ್ಕೇ ಇಲ್ವಲ್ಲಪ್ಪ" ಅಂದರು. ಬಟನ್ ಒತ್ತಿ ಸ್ಟಾರ್ಟ್ ಮಾಡಿದ. ಸಾಬರು ಮೊಮ್ಮಗನನ್ನು ಕರೆದು, ಒಳಗಿಂದ ಸ್ಕ್ರೂಡ್ರೈವರ್ ತರಲು ಹೇಳಿದರು.