ಗೋಪ್ರೋ

ಗೋಪ್ರೋ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸ್ಯಾನ್ ಮಟೇಯೊದಲ್ಲಿ ಮುಖ್ಯ ಕಚೇರಿಯುಳ್ಳ ಕ್ಯಾಮೆರಾ ಕಂಪನಿ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ನೀರು, ಧೂಳು, ಪೆಟ್ಟುಗಳನ್ನು ತಾಳಿಕೊಳ್ಳುವ ಆ್ಯಕ್ಷನ್ ಕ್ಯಾಮೆರಾಗಳಿಗೆ ಇದು ಹೆಸರಾಗಿದೆ. ಹೆಲ್ಮೆಟ್ಟಿಗೋ ಎದೆಗೋ ಸರ್ಫಿಂಗ್ ಹಲಗೆಗೋ ಸಿಕ್ಕಿಸಿಬಿಟ್ಟರೆ ಎರಡೂ ಕೈಗಳಿಗೆ ಬಿಡುವು. ಸಾಹಸ ಮಾಡುವವನ ಕಣ್ಣಿಗೆ ಕಂಡದ್ದೆಲ್ಲ ಚಿತ್ರೀಕರಣವಾಗುತ್ತದೆ. ಯಾವ ಕಂಪನಿ ತಯಾರಿಸಿದ್ದರೂ ಇಂಥ ಕ್ಯಾಮೆರಾವನ್ನು ‘ಗೋಪ್ರೋ’ ಎಂದೇ ಕರೆಯುವ ರೂಢಿ ಹಲವು ದೇಶಗಳಲ್ಲಿದೆ, ಹೆಲ್ಮೆಟ್ ಮೇಲೆ ಕ್ಯಾಮೆರಾ ಹೊತ್ತು ಘಟ್ಟದ ತಿರುವುಗಳಲ್ಲಿ ಸಾಗುವ ನಮ್ಮ ಬೈಕ್ ಸವಾರರಲ್ಲೂ ಇದೆ.

ಕಂಪನಿ 2014ರ ಜೂನ್ 26ರಂದು ನಾಸ್ಡಾಕ್ ಷೇರುಪೇಟೆಗೆ ಬಂತು. ಸಾರ್ವಜನಿಕರಿಗೆ ಷೇರು ಮಾರಿದ ಮೇಲೂ ಈ ಬೆಳವಣಿಗೆ ಉಳಿದೀತೇ ಎಂದು ಆಗ ಎಲ್ಲರೂ ಕೇಳಿದ್ದರು. ಬೆಳವಣಿಗೆ ಒಂದೂವರೆ ವರ್ಷ ಉಳಿಯಿತು. 2015ರಲ್ಲಿ ಬಂದ 162 ಕೋಟಿ ಡಾಲರ್ ವಾರ್ಷಿಕ ವರಮಾನವನ್ನು ಕಂಪನಿ ಮತ್ತೆಂದೂ ಮುಟ್ಟಲಿಲ್ಲ. ಕ್ಯಾಮೆರಾ ಕೆಟ್ಟದ್ದಾಗಿದ್ದರಿಂದ ಹೀಗಾಗಲಿಲ್ಲ. ತಾನು ಮಾಡಬೇಕಾದ ಕೆಲಸವನ್ನು ಅದು ಬೇಗನೆ, ಬಹುಪಾಲು ಪೂರ್ತಿಯಾಗಿ ಮಾಡಿ ಮುಗಿಸಿಬಿಟ್ಟದ್ದು ಮುಖ್ಯ ಕಾರಣ.

ಹುಟ್ಟು

ಸ್ಥಾಪಕ ನಿಕ್ ವುಡ್‌ಮನ್ 1975ರಲ್ಲಿ ಹುಟ್ಟಿದವರು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲೆ ಓದಿದರು. ಅವರು ಕಟ್ಟಿದ ಫನ್‌ಬಗ್ ಎಂಬ ಆನ್‌ಲೈನ್ ಆಟಗಳ ಉದ್ಯಮ ಡಾಟ್‌ಕಾಂ ಕುಸಿತದ ಹೊತ್ತಿಗೆ, ಹೂಡಿಕೆದಾರರ ಸುಮಾರು 40 ಲಕ್ಷ ಡಾಲರುಗಳೊಂದಿಗೆ ಮುಳುಗಿತು. ಆ ಸೋಲಿನ ಬಳಿಕ 2002ರಲ್ಲಿ ಆಸ್ಟ್ರೇಲಿಯ ಮತ್ತು ಇಂಡೋನೇಷ್ಯಗಳಿಗೆ ಸರ್ಫಿಂಗ್ ಪ್ರವಾಸ ಹೋದರು. ಅಲೆಯ ಮೇಲೆ ನಿಂತ ಸರ್ಫರ್‌ನ ಹತ್ತಿರದ ಚಿತ್ರ ಬೇಕಿದ್ದರೆ ಅವನು ವೃತ್ತಿಪರನಾಗಿರಬೇಕಿತ್ತು, ಏಕೆಂದರೆ ಛಾಯಾಗ್ರಾಹಕರು ನೀರಿಗಿಳಿಯುತ್ತಿದ್ದುದು ವೃತ್ತಿಪರರಿಗಾಗಿ ಮಾತ್ರ. ‘ವೃತ್ತಿಪರನಾಗು’ ಎಂಬ ಅರ್ಥದ ಹೆಸರು ಕಂಪನಿಗೆ ಬಂದದ್ದು ಆ ಹಂಬಲದಿಂದ.

ವುಡ್‌ಮನ್ ಮೊದಲು ಯೋಚಿಸಿದ್ದು ಕ್ಯಾಮೆರಾವನ್ನಲ್ಲ, ಅದನ್ನು ಮುಂಗೈಗೆ ಕಟ್ಟುವ ಪಟ್ಟಿಯನ್ನು. ಪಟ್ಟಿ ಎಷ್ಟು ಗಟ್ಟಿಯಾದರೂ ಅದು ಹಿಡಿಯುವ ಕ್ಯಾಮೆರಾ ತಾಳದಿದ್ದರೆ ಪ್ರಯೋಜನವಿಲ್ಲವೆಂದು ತಿಳಿದ ಮೇಲೆ ಕ್ಯಾಮೆರಾಕ್ಕೂ ಕೈ ಹಾಕಿದರು. ತಾಯಿ 35,000 ಡಾಲರ್ ಸಾಲದ ಜೊತೆಗೆ ಪಟ್ಟಿ ಹೊಲಿಯಲು ಒಂದು ಹೊಲಿಗೆ ಯಂತ್ರವನ್ನೂ ಕೊಟ್ಟರು. ಹೂಡಿಕೆ ಬ್ಯಾಂಕರ್ ಆಗಿದ್ದ ತಂದೆಯಿಂದ 2 ಲಕ್ಷ ಡಾಲರ್ ಬಂತು. ಗೆಳತಿ ಜಿಲ್ (ಮುಂದೆ ಪತ್ನಿ) ಜೊತೆಗೂಡಿ ಬಾಲಿಯಿಂದ ತಂದ ಕಪ್ಪೆಚಿಪ್ಪಿನ ಬೆಲ್ಟುಗಳನ್ನು ವ್ಯಾನಿನಲ್ಲಿಟ್ಟುಕೊಂಡು ಕ್ಯಾಲಿಫೋರ್ನಿಯದ ಕಡಲತೀರದುದ್ದಕ್ಕೂ ಮಾರಿ ಇನ್ನಷ್ಟು ಹಣ ಕೂಡಿಸಿದರು. 2004ರ ಸೆಪ್ಟೆಂಬರಿನಲ್ಲಿ ಸ್ಯಾನ್ ಡಿಯಾಗೋದ ಸಾಹಸ ಕ್ರೀಡಾ ವ್ಯಾಪಾರ ಮೇಳದಲ್ಲಿ ಮೊದಲ ‘ಹೀರೋ’ ಕಾಣಿಸಿಕೊಂಡಿತು. ಚೀನಾದಲ್ಲಿ ತಯಾರಾದ, ನೀರು ಹೊಗದ ಕವಚದ, 35 ಮಿಲಿಮೀಟರ್ ಫಿಲ್ಮ್ ತುಂಬುವ ಸಾದಾ ಕ್ಯಾಮೆರಾ ಅದು. 2006ರ ಡಿಜಿಟಲ್ ಮಾದರಿ ಒಮ್ಮೆಗೆ ಹತ್ತೇ ಸೆಕೆಂಡು ವಿಡಿಯೊ ಹಿಡಿಯುತ್ತಿತ್ತು. ಕಂಪನಿಯ ಅದೃಷ್ಟ ತೆರೆಸಿದ್ದು 2009ರ ಎಚ್‌ಡಿ ಹೀರೋ.

ಏರುಹಾದಿ

ಎಚ್‌ಡಿ ಹೀರೋ ಬಂದ ಕಾಲವೇ ಅದಕ್ಕೆ ಕೂಡಿ ಬಂದಿತ್ತು. ಮನೆಮನೆಗೂ ವೇಗದ ಇಂಟರ್ನೆಟ್ ತಲುಪುತ್ತಿತ್ತು, ಯೂಟ್ಯೂಬ್ ಬೆಳೆಯುತ್ತಿತ್ತು, ಆಂಬರೆಲ್ಲಾ ಕಂಪನಿಯ ಚಿಪ್‌ಗಳಿಂದ ಪುಟ್ಟ ಪೆಟ್ಟಿಗೆಯಲ್ಲೂ ಉತ್ತಮ ವಿಡಿಯೊ ಸಾಧ್ಯವಾಗಿತ್ತು. ಕೊಂಡವರು ತಮ್ಮ ಸಾಹಸವನ್ನು ಚಿತ್ರೀಕರಿಸಿ ಶೀರ್ಷಿಕೆಯಲ್ಲಿ ಕ್ಯಾಮೆರಾದ ಹೆಸರನ್ನೂ ಸೇರಿಸಿ ಏರಿಸುತ್ತಿದ್ದರು. ಜಾಹೀರಾತಿಗೆ ಬೇರೆ ಕಂಪನಿಗಳು ಕೋಟಿಗಟ್ಟಲೆ ಸುರಿಯುವ ಕಡೆ ಗೋಪ್ರೋಗೆ ಅದರ ಗ್ರಾಹಕರೇ ಪ್ರಚಾರ ಮಾಡಿಕೊಟ್ಟರು. ಷೇರು ವಿತರಣೆಯ ದಾಖಲೆಯಲ್ಲಿ ಕಂಪನಿ ಹೇಳಿಕೊಂಡ ಪ್ರಕಾರ, 2013ರಲ್ಲಿ ಶೀರ್ಷಿಕೆಯಲ್ಲಿ ‘ಗೋಪ್ರೋ’ ಎಂದಿರುವ ವಿಡಿಯೊಗಳೇ ಯೂಟ್ಯೂಬಿಗೆ ಸುಮಾರು 2.8 ವರ್ಷ ನಿರಂತರವಾಗಿ ನೋಡುವಷ್ಟು ಸೇರಿದ್ದವು.

2012ರ ಅಕ್ಟೋಬರ್ 14ರಂದು ಫೆಲಿಕ್ಸ್ ಬಾಮ್‌ಗಾರ್ಟ್ನರ್ ಸುಮಾರು 39 ಕಿಲೋಮೀಟರ್ ಎತ್ತರದಿಂದ ಧುಮುಕಿದಾಗ ಜೊತೆಯಲ್ಲಿ ಈ ಕ್ಯಾಮೆರಾಗಳಿದ್ದವು. ಅದೇ ವರ್ಷ ತೆರೆಕಂಡ ‘ಲೆವಯಥನ್’ ಸಾಕ್ಷ್ಯಚಿತ್ರದಲ್ಲಿ ಲೂಸಿಯನ್ ಕಾಸ್ಟೇಂಗ್-ಟೇಲರ್ ಮತ್ತು ವೆರೆನಾ ಪರಾವೆಲ್ ಇವನ್ನು ಮೀನುಗಾರಿಕೆ ಹಡಗಿನಲ್ಲಿ ಬಲೆಯ ನಡುವೆ, ಅಲೆಯ ಅಡಿಯಲ್ಲಿ, ಸತ್ತ ಮೀನುಗಳ ರಾಶಿಯಲ್ಲಿ ಇಳಿಬಿಟ್ಟು ಸಿನಿಮಾ ಅದುವರೆಗೆ ಕಂಡಿರದ ನೋಟವೊಂದನ್ನು ತಂದರು. ಕ್ಯಾಮೆರಾದ ಹಿಂದೆ ಕಣ್ಣಿಟ್ಟು ನಿಲ್ಲುವ ಮನುಷ್ಯನೇ ಬೇಡವಾದದ್ದು ಛಾಯಾಗ್ರಹಣದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಗೋಪ್ರೋವನ್ನು ಬರಿಯ ಷೇರು ಬೆಲೆಯಿಂದ ಅಳೆಯುವವರು ಈ ಸಾಧನೆಯನ್ನು ಮರೆಯುತ್ತಾರೆ.

ವರಮಾನ 2011ರಲ್ಲಿ 23.4 ಕೋಟಿ, 2012ರಲ್ಲಿ 52.6 ಕೋಟಿ, 2013ರಲ್ಲಿ 98.6 ಕೋಟಿ ಡಾಲರ್. 2013ರಲ್ಲಿ 38 ಲಕ್ಷಕ್ಕೂ ಹೆಚ್ಚು ಕ್ಯಾಮೆರಾಗಳು ಹೋದವು. ಇದಕ್ಕೆ ಮೊದಲೇ, 2012ರ ಡಿಸೆಂಬರಿನಲ್ಲಿ, ತೈವಾನಿನ ಫಾಕ್ಸ್‌ಕಾನ್ 20 ಕೋಟಿ ಡಾಲರ್ ಕೊಟ್ಟು ಶೇ. 8.88ರಷ್ಟು ಪಾಲು ಕೊಂಡಿತ್ತು. ಆ ಲೆಕ್ಕದಲ್ಲಿ ಕಂಪನಿಯ ಮೌಲ್ಯ 225 ಕೋಟಿ ಡಾಲರ್ ಆಯಿತು.

ಷೇರುಪೇಟೆಯಲ್ಲಿ

ಪ್ರತಿ ಷೇರಿಗೆ 24 ಡಾಲರಿನಂತೆ 1.78 ಕೋಟಿ ಷೇರುಗಳನ್ನು ಮಾರಲಾಯಿತು. ಬಂದ ಸುಮಾರು 42.7 ಕೋಟಿ ಡಾಲರಿನಲ್ಲಿ ಅರ್ಧ ಕಂಪನಿಗೆ, ಉಳಿದರ್ಧ ಷೇರು ಮಾರಿದ ಹಳೆಯ ಪಾಲುದಾರರಿಗೆ ಸೇರಿತು. ಸಾರ್ವಜನಿಕರಿಗೆ ಕೊಟ್ಟ ‘ಎ’ ದರ್ಜೆಯ ಷೇರಿಗೆ ಒಂದು ಮತ, ವುಡ್‌ಮನ್ ಮತ್ತು ಆರಂಭದ ಹೂಡಿಕೆದಾರರ ‘ಬಿ’ ದರ್ಜೆಯ ಷೇರಿಗೆ ಹತ್ತು ಮತ. ಹೀಗಾಗಿ ಹಣ ಹೊರಗಿನವರಿಂದ ಬಂದರೂ ಕಂಪನಿಯ ಚುಕ್ಕಾಣಿ ಸ್ಥಾಪಕರ ಕೈಯಲ್ಲೇ ಉಳಿಯಿತು.

ಮೊದಲ ದಿನ ಷೇರು 31.34 ಡಾಲರಿಗೆ ಮುಟ್ಟಿತು. ಅಕ್ಟೋಬರ್ ಆರಂಭದಲ್ಲಿ 98 ಡಾಲರ್ ದಾಟಿತು. ನೂರು ದಿನಗಳಲ್ಲಿ ನಾಲ್ಕು ಪಟ್ಟು! ಕ್ಯಾಮೆರಾ ಮಾರಾಟವೊಂದೇ ಈ ಬೆಲೆಯನ್ನು ಹೊರಲಾರದೆಂದು ಕೊಳ್ಳುವವರಿಗೂ ಗೊತ್ತಿತ್ತು. ಗೋಪ್ರೋ ಮುಂದೆ ಮಾಧ್ಯಮ ಕಂಪನಿಯೂ ಆಗಲಿದೆ, ಗ್ರಾಹಕರು ತೆಗೆದ ಅಪಾರ ವಿಡಿಯೊ ರಾಶಿಯಿಂದ ಜಾಹೀರಾತಿನ ಹಣ ಬರಲಿದೆ ಎಂಬ ಭರವಸೆಯೂ ಆ ಬೆಲೆಯೊಳಗೆ ಸೇರಿತ್ತು. ಆ ಹಣ ಎಣಿಕೆಗೆ ಸಿಗುವಷ್ಟು ಎಂದೂ ಬರಲಿಲ್ಲ. ಜನ ವಿಡಿಯೊ ನೋಡಿದ್ದು ಯೂಟ್ಯೂಬಿನಲ್ಲಿ, ಜಾಹೀರಾತಿನ ವ್ಯಾಪಾರ ನಡೆದದ್ದೂ ಅಲ್ಲಿಯೇ. ವಿಡಿಯೊ ಹುಟ್ಟಿಸುವ ಪೆಟ್ಟಿಗೆಯನ್ನು ಮಾರಿದವನಿಗೆ ಅದರ ವೀಕ್ಷಣೆಯ ಲಾಭದಲ್ಲಿ ಪಾಲು ಸಿಗಬೇಕೆಂಬ ನಿಯಮವೇನೂ ಇರಲಿಲ್ಲ.

ಇದೇ ತಿಂಗಳುಗಳಲ್ಲಿ ಎರಡು ಬೆಳವಣಿಗೆಗಳು ಸಣ್ಣ ಹೂಡಿಕೆದಾರರ ವಿಶ್ವಾಸ ಕದಡಿದವು. ಷೇರು ಮಾರಬಾರದೆಂಬ ಆರು ತಿಂಗಳ ನಿರ್ಬಂಧ ಮುಗಿಯುವ ಮೊದಲೇ ವುಡ್‌ಮನ್ ದಂಪತಿ 58 ಲಕ್ಷ ಷೇರುಗಳನ್ನು ತಮ್ಮ ದತ್ತಿ ಪ್ರತಿಷ್ಠಾನಕ್ಕೆ ವರ್ಗಾಯಿಸಿದರು. ನಿಯಮದಲ್ಲಿ ವಿನಾಯಿತಿ ಸಿಕ್ಕಿತ್ತು, ಆದರೂ ಷೇರು ಕುಸಿಯಿತು. ಮುಖ್ಯಸ್ಥರಾಗಿ ಅವರಿಗೆ ಆ ವರ್ಷ ದೊರೆತ ಷೇರು ಪ್ಯಾಕೇಜಿನ ಬೆಲೆ 28 ಕೋಟಿ ಡಾಲರಿಗೂ ಹೆಚ್ಚೆಂದು ಲೆಕ್ಕವಾಯಿತು. ಇಡೀ ಕಂಪನಿಯ 2014ರ ನಿವ್ವಳ ಲಾಭ 12.8 ಕೋಟಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಮೊತ್ತದ ಗಾತ್ರ ತಿಳಿಯುತ್ತದೆ.

ಬೆಳವಣಿಗೆ ನಿಂತದ್ದೇಕೆ

2014ರ ವರಮಾನ 139.4 ಕೋಟಿ, 2015ರದು 162 ಕೋಟಿ. ಆದರೆ 2015ರ ಕೊನೆಯ ತ್ರೈಮಾಸಿಕದಲ್ಲೇ ಮಾರಾಟ ಇಳಿದಿತ್ತು. ಆ ಜುಲೈನಲ್ಲಿ 399 ಡಾಲರಿಗೆ ಬಂದ ಹೀರೋ4 ಸೆಷನ್ ಎಂಬ ಪುಟ್ಟ ಘನಾಕೃತಿಯ ಕ್ಯಾಮೆರಾದ ಬೆಲೆಯನ್ನು ಸೆಪ್ಟೆಂಬರಿನಲ್ಲಿ 299ಕ್ಕೆ, ಡಿಸೆಂಬರಿನಲ್ಲಿ 199ಕ್ಕೆ ಇಳಿಸಬೇಕಾಯಿತು. ಐದು ತಿಂಗಳಲ್ಲಿ ಬೆಲೆ ಅರ್ಧವಾದರೆ ಮೊದಲು ಕೊಂಡವನಿಗೆ ಮೋಸಹೋದ ಭಾವ ಉಳಿಯುತ್ತದೆ, ಮುಂದಿನ ಮಾದರಿ ಬಂದಾಗ ಅವನು ಕಾಯುತ್ತಾನೆ.

ಮೂಲ ತೊಡಕು ಇನ್ನೂ ಆಳದಲ್ಲಿತ್ತು. ಸಾಹಸ ಮಾಡುವವರ ಸಂಖ್ಯೆಗೆ ಮಿತಿಯಿದೆ. ಅವರಲ್ಲಿ ಬಹುತೇಕರು 2015ರೊಳಗೆ ಕೊಂಡಾಗಿತ್ತು. ಕಡಲಿಗೆ, ಕಲ್ಲಿಗೆ ಜಗ್ಗದಂತೆ ಕಟ್ಟಿದ ವಸ್ತು ಬೇಗ ಕೆಡುವುದಿಲ್ಲ, ಕೆಡದ ವಸ್ತುವನ್ನು ಮತ್ತೆ ಕೊಳ್ಳುವವರು ಕಡಿಮೆ. ಇವರ ಆಚೆಗಿನ ಗ್ರಾಹಕರು ರಜೆಯ ಪ್ರವಾಸಕ್ಕೆಂದು ಕೊಂಡರು, ಒಂದೆರಡು ಸಲ ಬಳಸಿದರು, ಬೀರುವಿನಲ್ಲಿಟ್ಟರು. ಗಂಟೆಗಟ್ಟಲೆ ಹಿಡಿದ ವಿಡಿಯೊವನ್ನು ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸಿ, ನೋಡಿ, ಕತ್ತರಿಸಿ, ಎರಡು ನಿಮಿಷದ ತುಣುಕು ಮಾಡುವುದು ದೊಡ್ಡ ಕೆಲಸ. ಫೋನಿನಲ್ಲಾದರೆ ತೆಗೆದ ಮರುಕ್ಷಣವೇ ನೆಂಟರಿಗೆ ಕಳಿಸಬಹುದು. ಈ ತೊಂದರೆಯನ್ನು ಕಂಪನಿ ಅರಿತು 2016ರಲ್ಲಿ ರಿಪ್ಲೇ, ಸ್ಪ್ಲೈಸ್ ಎಂಬ ಎರಡು ಎಡಿಟಿಂಗ್ ಆ್ಯಪ್‌ಗಳನ್ನು ಕೊಂಡುಕೊಂಡಿತು. ಮೂರ್ನಾಲ್ಕು ವರ್ಷ ಮೊದಲೇ ಈ ಕೆಲಸ ಆಗಬೇಕಿತ್ತು.

ಹೋಲಿಕೆಗೆ ಫ್ಲಿಪ್ ಕ್ಯಾಮೆರಾವನ್ನು ನೆನೆಯಬಹುದು. ಜೇಬಿನ ಗಾತ್ರದ ಆ ವಿಡಿಯೊ ಕ್ಯಾಮೆರಾದ ಕಂಪನಿಯನ್ನು ಸಿಸ್ಕೋ 2009ರಲ್ಲಿ 59 ಕೋಟಿ ಡಾಲರಿಗೆ ಕೊಂಡು 2011ರ ಏಪ್ರಿಲ್‌ನಲ್ಲಿ ಮುಚ್ಚಿತು. ಸ್ಮಾರ್ಟ್‌ಫೋನ್ ಅದನ್ನು ನುಂಗಿಹಾಕಿತ್ತು. ಫೋನನ್ನು ಯಾರೂ ಸರ್ಫಿಂಗ್ ಹಲಗೆಗೆ ಕಟ್ಟುವುದಿಲ್ಲವಾದ್ದರಿಂದ ಗೋಪ್ರೋ ಆ ಗತಿಯಿಂದ ಪಾರಾಯಿತು. ಆದರೆ ಅದನ್ನು ಉಳಿಸಿದ ಈ ಕಾರಣವೇ ಅದರ ಮಾರುಕಟ್ಟೆಯ ಎಲ್ಲೆಯೂ ಆಯಿತು.

ಖಾಸಗಿಯಾಗಿ ಉಳಿದಿದ್ದರೆ ವರ್ಷಕ್ಕೆ ನೂರು ಕೋಟಿ ಡಾಲರ್ ವ್ಯಾಪಾರದ, ಸಾಧಾರಣ ಲಾಭದ, ನೆಮ್ಮದಿಯ ಕಂಪನಿಯಾಗಿ ಗೋಪ್ರೋ ಬಾಳಬಹುದಿತ್ತೆಂದು ಈ ಲೇಖಕನ ಅಭಿಪ್ರಾಯ. ಮೂರು ತಿಂಗಳಿಗೊಮ್ಮೆ ಹೆಚ್ಚಳ ತೋರಿಸಬೇಕಾದ ಒತ್ತಡ ಅದನ್ನು ತನ್ನದಲ್ಲದ ಕ್ಷೇತ್ರಗಳಿಗೆ ತಳ್ಳಿತು. ಇದರ ಬಹು ದುಬಾರಿ ಉದಾಹರಣೆ ‘ಕರ್ಮ’ ಡ್ರೋನ್. 2016ರ ಅಕ್ಟೋಬರ್ 23ರಂದು ಮಾರಾಟ ಶುರುವಾಯಿತು. ಹಾರುವಾಗಲೇ ವಿದ್ಯುತ್ ಕಡಿದು ಕೆಲವು ಬಿದ್ದವು, ನವೆಂಬರ್ 8ರಂದು ಸುಮಾರು 2,500 ಡ್ರೋನ್‌ಗಳನ್ನೂ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಬ್ಯಾಟರಿ ಕೂರುವ ಚಿಲಕ ಸಡಿಲವಾಗಿತ್ತು. ತಿದ್ದಿ ಮರುವರ್ಷ ಮಾರಿದರೂ, ಅಷ್ಟರಲ್ಲಿ ಚೀನಾದ ಡಿಜೆಐ ಮಡಚಿಡಬಹುದಾದ ಮ್ಯಾವಿಕ್ ಪ್ರೊ ತಂದು ಮಾರುಕಟ್ಟೆ ಹಿಡಿದಿತ್ತು. 2016ರಲ್ಲಿ ಕಂಪನಿಯ ನಷ್ಟ 41.9 ಕೋಟಿ ಡಾಲರ್. ಮನರಂಜನಾ ವಿಭಾಗ ಮುಚ್ಚಿತು. 2018ರ ಜನವರಿಯಲ್ಲಿ ಡ್ರೋನ್ ವ್ಯವಹಾರದಿಂದ ಹೊರಬರುವುದಾಗಿ ಘೋಷಿಸಿ, 1,254 ಇದ್ದ ಸಿಬ್ಬಂದಿಯನ್ನು ಸಾವಿರಕ್ಕಿಂತ ಕೆಳಗೆ ಇಳಿಸಲಾಯಿತು.

ತಿರುಗಿ ಕ್ಯಾಮೆರಾಕ್ಕೆ

ಆನಂತರ ಕಂಪನಿ ತನಗೆ ತಿಳಿದ ಕೆಲಸಕ್ಕೆ ಮರಳಿತು. 2017ರ ಹೀರೋ6ರಲ್ಲಿ ಸ್ವಂತ ವಿನ್ಯಾಸದ ಚಿಪ್ ಬಂತು. 2018ರ ಹೀರೋ7 ಬ್ಲ್ಯಾಕ್‌ನಲ್ಲಿ ಬಂದ ‘ಹೈಪರ್‌ಸ್ಮೂತ್’ ಸೌಲಭ್ಯ ಓಡುವವನ ಎದೆಯ ಮೇಲಿನ ಕುಲುಕಾಟವನ್ನೂ ತೇಲುವ ನೋಟವಾಗಿಸಿತು. ಅದಕ್ಕೆ ಮುಂಚೆ ಇದಕ್ಕೆ ಗಿಂಬಲ್ ಎಂಬ ಪ್ರತ್ಯೇಕ ಸಾಧನ ಬೇಕಿತ್ತು. ಷೇರುಪೇಟೆಗೆ ಬಂದ ಮೇಲಿನ ಗೋಪ್ರೋದ ದೊಡ್ಡ ತಾಂತ್ರಿಕ ಸಾಧನೆ ಇದೇ.

ವ್ಯಾಪಾರದ ದೃಷ್ಟಿಯಿಂದ ಮುಖ್ಯವಾದದ್ದು ಚಂದಾ. 2020ರ ಏಪ್ರಿಲ್‌ನಲ್ಲಿ, ಕೊರೊನಾದಿಂದ ಅಂಗಡಿಗಳು ಮುಚ್ಚಿದಾಗ, ಕಂಪನಿ ಐವರು ನೌಕರರಲ್ಲಿ ಒಬ್ಬರನ್ನು ಕೆಲಸದಿಂದ ತೆಗೆದು, ತನ್ನ ಜಾಲತಾಣದ ಮೂಲಕವೇ ಮಾರುವತ್ತ ತಿರುಗಿತು. ವರ್ಷಕ್ಕೆ ಸುಮಾರು 50 ಡಾಲರಿನ ಚಂದಾ ಸೇರಿದವರಿಗೆ ಕ್ಯಾಮೆರಾ ಅಗ್ಗ, ವಿಡಿಯೊ ಕೂಡಿಡಲು ಅಂತರ್ಜಾಲದಲ್ಲಿ ಜಾಗ. 2020ರ ಕೊನೆಗೆ 7.6 ಲಕ್ಷವಿದ್ದ ಚಂದಾದಾರರು 2022ರ ಕೊನೆಗೆ 22.5 ಲಕ್ಷವಾದರು. ಒಮ್ಮೆ ಕೊಂಡು ಮರೆಯಾಗುತ್ತಿದ್ದ ಗ್ರಾಹಕನಿಂದ ವರ್ಷವರ್ಷವೂ ಹಣ ಬರುವ ದಾರಿ ಕಡೆಗೂ ಸಿಕ್ಕಿತ್ತು. ಆದರೆ ಹೊಸ ಕ್ಯಾಮೆರಾ ಹೋದಷ್ಟೇ ಹೊಸ ಚಂದಾ. 2023 ಮತ್ತು 2024ರ ಕೊನೆಯಲ್ಲಿ ಸಂಖ್ಯೆ 25 ಲಕ್ಷದ ಆಸುಪಾಸಿನಲ್ಲೇ ನಿಂತಿತು. ಚಂದಾ ಮತ್ತು ಸೇವೆಗಳಿಂದ 2024ರಲ್ಲಿ 10 ಕೋಟಿ ಡಾಲರಿಗೂ ಹೆಚ್ಚು ಬಂತು. ಕಂಪನಿಯನ್ನು ಎತ್ತಿ ನಿಲ್ಲಿಸಿದ್ದು ಈ ಹಣ, ಬೆಳೆಸುವ ಶಕ್ತಿ ಅದಕ್ಕಿರಲಿಲ್ಲ.

2021ರ 37.1 ಕೋಟಿ ಡಾಲರ್ ಲಾಭವನ್ನು ಪುನರುಜ್ಜೀವನವೆಂದು ಓದುವವರು ಒಂದು ಅಂಶ ಗಮನಿಸಬೇಕು. ಹಳೆಯ ನಷ್ಟಗಳಿಂದ ಮುಂದೆ ಸಿಗಬಹುದಾದ ತೆರಿಗೆ ಉಳಿತಾಯವನ್ನು, ಇನ್ನು ಲಾಭ ಖಚಿತ ಎಂಬ ನಂಬಿಕೆಯಲ್ಲಿ, ಆ ವರ್ಷ ಆಸ್ತಿಯಾಗಿ ಬರೆದುಕೊಳ್ಳಲಾಯಿತು. ಲಾಭದ ಹೆಚ್ಚಿನ ಪಾಲು ಆ ಬರಹದ್ದು. 2024ರಲ್ಲಿ ಆ ನಂಬಿಕೆ ಉಳಿಯದೆ ಆಸ್ತಿಯನ್ನು ಅಳಿಸಿದಾಗ 43.2 ಕೋಟಿ ಡಾಲರ್ ನಷ್ಟ ಕಾಣಿಸಿತು. ಎರಡೂ ದೊಡ್ಡ ಅಂಕಿಗಳು ಬಹುಮಟ್ಟಿಗೆ ಕಾಗದದ ಮೇಲಿನವು. ಕ್ಯಾಮೆರಾ ಎಣಿಕೆಯೇ ಹೆಚ್ಚು ನಿಜ ಹೇಳುತ್ತದೆ: 2015ರಲ್ಲಿ 66 ಲಕ್ಷ, 2024ರಲ್ಲಿ ಸುಮಾರು 24 ಲಕ್ಷ.

ಪ್ರತಿಸ್ಪರ್ಧಿಗಳು

ಸೋನಿ, ಕಾಂಟೂರ್‌ಗಳಂಥ ಮೊದಲ ಕಾಲದ ಎದುರಾಳಿಗಳನ್ನು ಗೋಪ್ರೋ ಸುಲಭವಾಗಿ ಹಿಂದಿಕ್ಕಿತ್ತು. ಚೀನಾದ ಶೆನ್‌ಜೆನ್ ನಗರದ ಎರಡು ಕಂಪನಿಗಳ ಮುಂದೆ ಅದು ಆಗಲಿಲ್ಲ. ಡಿಜೆಐ 2019ರ ಮೇ ತಿಂಗಳಲ್ಲಿ ಆಸ್ಮೊ ಆ್ಯಕ್ಷನ್ ತಂದಿತು. ಎದುರು ಮುಖಕ್ಕೂ ಬಣ್ಣದ ತೆರೆ ಅದರ ಆಕರ್ಷಣೆ. ಗೋಪ್ರೋ ಅಂಥದನ್ನು ಕೊಟ್ಟದ್ದು 2020ರ ಹೀರೋ9ರಲ್ಲಿ. 2015ರಲ್ಲಿ ಹುಟ್ಟಿದ ಇನ್‌ಸ್ಟಾ360 ಸುತ್ತಲಿನ ಎಲ್ಲ ದಿಕ್ಕನ್ನೂ ಒಟ್ಟಿಗೆ ಹಿಡಿದು, ಬೇಕಾದ ಕೋನವನ್ನು ಆಮೇಲೆ ಫೋನಿನಲ್ಲೇ ಆರಿಸಿಕೊಳ್ಳುವ ಕ್ಯಾಮೆರಾಗಳಲ್ಲಿ ಮುಂದೆ ಸಾಗಿತು. ಗೋಪ್ರೋ ಗ್ರಾಹಕರನ್ನು ವರ್ಷಗಟ್ಟಲೆ ಕಾಡಿದ ಎಡಿಟಿಂಗ್ ಶ್ರಮವನ್ನೇ ಅದು ಹಗುರ ಮಾಡಿತು. ಗೋಪ್ರೋದ ಮೊದಲ ಮ್ಯಾಕ್ಸ್ 360 ಕ್ಯಾಮೆರಾ 2019ರಲ್ಲಿ ಬಂತು, ಅದರ ಮುಂದಿನ ಮಾದರಿಗೆ 2025ರವರೆಗೆ ಕಾಯಬೇಕಾಯಿತು. ನಡುವಿನ ಆರು ವರ್ಷ ಎದುರಾಳಿಗೆ ಬಿಟ್ಟುಕೊಟ್ಟಂತಾಯಿತು. ತನ್ನ ಪೇಟೆಂಟ್‌ಗಳನ್ನು ಉಲ್ಲಂಘಿಸಲಾಗಿದೆ ಎಂದು ಗೋಪ್ರೋ 2024ರಲ್ಲಿ ಇನ್‌ಸ್ಟಾ360 ವಿರುದ್ಧ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು.

ಇನ್‌ಸ್ಟಾ360ಯ ಮಾತೃಸಂಸ್ಥೆ 2025ರ ಜೂನ್ 11ರಂದು ಪ್ರತಿ ಷೇರಿಗೆ 47.27 ಯುವಾನ್ ಬೆಲೆಯಲ್ಲಿ ಶಾಂಘೈ ಷೇರುಪೇಟೆಗೆ ಬಂತು. ಮೊದಲ ದಿನವೇ ಬೆಲೆ ಮೂರು ಪಟ್ಟಿಗೂ ಮೀರಿ ಏರಿತು. ಆ ವಾರ ನಾಸ್ಡಾಕ್‌ನಲ್ಲಿ ಗೋಪ್ರೋ ಷೇರು ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೈಬದಲಾಗುತ್ತಿತ್ತು.