ಹಿತ್ತಲ ಸಂದಿ ಹೇಳುವ ಕಥೆ: ಮೈಸೂರು ತನ್ನನ್ನು ತಾನು ತಿದ್ದಿಕೊಂಡ ಬಗೆ

ಒಮ್ಮೆ ದಸರೆಗೆಂದು ಮೊಮ್ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದೆ. ಮುಂಬಯಿಯ ಹನ್ನೆರಡನೆಯ ಮಹಡಿಯಲ್ಲಿ ಬೆಳೆಯುತ್ತಿರುವ ಹುಡುಗಿ. ಲಕ್ಷ್ಮೀಪುರಂನ ನನ್ನ ತವರುಮನೆಯಲ್ಲಿ ಹಿತ್ತಲ ಬಾಗಿಲು ತೆಗೆದು ಆಚೆ ಇಣುಕಿದವಳೇ, "ಅಜ್ಜಿ, ಮುಂದೆ ಅಷ್ಟು ದೊಡ್ಡ ರಸ್ತೆ ಇದೆಯಲ್ಲ, ಹಿಂದೆ ಯಾಕೆ ಇನ್ನೊಂದು ಚಿಕ್ಕ ರಸ್ತೆ?" ಎಂದು ಕೇಳಿದಳು. ಬಾಲ್ಯವಿಡೀ ಆ ಸಂದಿಯಲ್ಲಿ ಕುಂಟೆಬಿಲ್ಲೆ ಆಡಿದವಳು ನಾನು. ಆದರೂ ತಟ್ಟನೆ ಉತ್ತರ ಹೊಳೆಯಲಿಲ್ಲ. "ಅದು ಕನ್ಸರ್ವೆನ್ಸಿ ಕಣೇ" ಎಂದು ಹೇಳಿ ಸುಮ್ಮನಾದೆ. ಆ ಪ್ರಶ್ನೆ ಮಾತ್ರ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು ನೂರ ಇಪ್ಪತ್ತು ವರ್ಷಗಳ ಹಿಂದೆ ಒಂದು ಚಿಕ್ಕ ನಗರ ತನ್ನ ಮುಂದಿನ ತಲೆಮಾರುಗಳಿಗಾಗಿ ಹಾಕಿಕೊಂಡ ಲೆಕ್ಕಾಚಾರ. ಅದನ್ನು ಗೆಳತಿಯರೊಂದಿಗೆ ಹಂಚಿಕೊಳ್ಳುವ ಆಸೆಯಿಂದ ಈ ಲೇಖನ.

ಇಲಿ ಬಿದ್ದರೆ ಮನೆ ಬಿಡು

ಕಥೆ ಶುರುವಾಗುವುದು ನಾವಿರುವ ಮುಂಬಯಿಯಿಂದಲೇ. 1896ರಲ್ಲಿ ಇಲ್ಲಿನ ಬಂದರಿನ ಸುತ್ತಲಿನ ಕೇರಿಗಳಲ್ಲಿ ಪ್ಲೇಗು ಕಾಣಿಸಿಕೊಂಡಿತು. ರೈಲು ಹೋದಲ್ಲೆಲ್ಲ ರೋಗವೂ ಹೋಯಿತು. 1898ರಲ್ಲಿ ಬೆಂಗಳೂರನ್ನು ಮುಟ್ಟಿತು, ಮೈಸೂರಿಗೂ ಬಂತು. ನಮ್ಮ ಅಜ್ಜಿಯರ ಕಾಲದ ಹೆಂಗಸರ ಬಾಯಲ್ಲಿ "ಇಲಿ ಬಿತ್ತು" ಎಂಬ ಎರಡು ಪದಗಳಿಗಿಂತ ಭಯಂಕರ ಮಾತು ಬೇರೆ ಇರಲಿಲ್ಲ. ಅಟ್ಟದಿಂದ ಒಂದು ಸತ್ತ ಇಲಿ ಬಿದ್ದರೆ ಸಾಕು, ಒಲೆ ಆರಿಸಿ, ಪಾತ್ರೆ ಪಡಗ ಕಟ್ಟಿಕೊಂಡು, ಮಕ್ಕಳನ್ನು ಸೊಂಟಕ್ಕೇರಿಸಿ ಊರಾಚೆಯ ಗುಡಿಸಲು, ಶೆಡ್ಡುಗಳಿಗೆ ಹೊರಡಬೇಕಿತ್ತು. ಬಾಣಂತಿಯಾದರೂ ಅಷ್ಟೇ, ಹಾಸಿಗೆ ಹಿಡಿದ ಅತ್ತೆಯಾದರೂ ಅಷ್ಟೇ.

ಜನಗಣತಿಯ ಅಂಕಿಗಳು ಈ ಸಂಕಟವನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತವೆ. 1891ರಲ್ಲಿ ಮೈಸೂರು ನಗರದ ಜನಸಂಖ್ಯೆ ಸುಮಾರು 74 ಸಾವಿರ. 1901ರಲ್ಲಿ ಅದು ಸುಮಾರು 68 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಊರು ಕುಗ್ಗಿಹೋಗಿತ್ತು.

ಆಗಿನ ಮೈಸೂರೆಂದರೆ ಈಗಿನ ವಿಶಾಲ ರಸ್ತೆಗಳ ಊರಲ್ಲ. ಕೋಟೆಯೊಳಗೆ ಅರಮನೆಯ ಸುತ್ತ ಒತ್ತೊತ್ತಾಗಿ ಮನೆಗಳು, ಕೋಟೆಯಾಚೆ ಇಕ್ಕಟ್ಟಾದ ಪೇಟೆ. ಊರಿನ ನಡುವೆ ಪೂರ್ಣಯ್ಯನ ನಾಲೆಯ ಕಥೆಯಂತೂ ಕೇಳುವ ಹಾಗಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿ ನೀರನ್ನು ಮೈಸೂರಿಗೆ ಹರಿಸಬೇಕೆಂದು ತೋಡಿಸಿದ ಕಾಲುವೆ ಅದು. ನೀರು ಬರಲಿಲ್ಲ, ಕಾಲುವೆ ಉಳಿಯಿತು, ಕೊನೆಗೆ ಊರಿನ ಕೊಳಚೆಗೆಲ್ಲ ಅದೇ ದಾರಿಯಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಮುಚ್ಚಿ ಅಗಲವಾದ ರಸ್ತೆ ಮಾಡಿದರು. ಅದೇ ಸಯ್ಯಾಜಿರಾವ್ ರಸ್ತೆ. ಇಂದು ನಾವು ಕೈಮುಗಿದು ನೋಡುವ ಜಂಬೂ ಸವಾರಿ ಸಾಗುವುದು ಒಂದು ಕಾಲದ ಚರಂಡಿಯ ಮೇಲೆ!

ಒಬ್ಬ ತಾಯಿಯ ಆಡಳಿತ

1894ರ ಡಿಸೆಂಬರಿನಲ್ಲಿ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ಕೃಷ್ಣರಾಜನಿಗೆ ಹತ್ತು ವರ್ಷ. ರಾಜ್ಯಭಾರ ಬಿದ್ದದ್ದು ಮೂವತ್ತು ಕೂಡ ತುಂಬದ ವಿಧವೆ ರಾಣಿ ಕೆಂಪನಂಜಮ್ಮಣ್ಣಿಯವರ ಹೆಗಲ ಮೇಲೆ. ವಾಣಿವಿಲಾಸ ಸನ್ನಿಧಾನ ಎಂದು ನಾವೆಲ್ಲ ಕೇಳಿರುವುದು ಅವರನ್ನೇ. 1902ರವರೆಗೆ ರೀಜೆಂಟ್ ಆಗಿ ಅವರು ಆಳಿದರು. ಆ ಎಂಟು ವರ್ಷಗಳಲ್ಲಿ ಅವರಿಗೆ ಒಂದರ ಮೇಲೊಂದು ಪೆಟ್ಟು. 1897ರಲ್ಲಿ ಮಗಳ ಮದುವೆಯ ಸಂಭ್ರಮದ ನಡುವೆಯೇ ಮರದ ಹಳೆಯ ಅರಮನೆ ಸುಟ್ಟುಹೋಯಿತು. ಮರುವರ್ಷವೇ ಪ್ಲೇಗು.

ಅಷ್ಟಾದರೂ ಅವರ ಕಾಲದಲ್ಲಿ ಆದ ಕೆಲಸಗಳನ್ನು ನೋಡಿ. ಚಿತ್ರದುರ್ಗ ಸೀಮೆಯ ಮಾರಿಕಣಿವೆ ಅಣೆಕಟ್ಟಿನ ಕಾಮಗಾರಿ ಆರಂಭವಾಯಿತು. ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆಯ ಕೆಲಸ ನಡೆದು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಹೋಯಿತು. ಪೂರ್ಣಯ್ಯನವರಿಗೆ ಕೈಗೂಡದ ಕಾವೇರಿ ನೀರು ಬೆಳಗೊಳದಿಂದ ಕೊಳವೆಗಳ ಮೂಲಕ ಮೈಸೂರಿಗೆ ಬಂತು. ಆ ಜಲಕಾಮಗಾರಿಗೆ ಇಂದಿಗೂ ವಾಣಿವಿಲಾಸದ ಹೆಸರೇ. ನಲ್ಲಿ ನೀರು ಬಂದದ್ದನ್ನು ಇತಿಹಾಸದ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಕೊಡ ಹೊತ್ತವರಿಗೆ ಮಾತ್ರ ಗೊತ್ತು, ಮನೆಯ ಹತ್ತಿರಕ್ಕೆ ನೀರು ಬಂದರೆ ಹೆಣ್ಣಿನ ದಿನಕ್ಕೆ ಎಷ್ಟು ಗಂಟೆ ಸೇರಿಕೊಳ್ಳುತ್ತದೆ ಎಂದು.

ಮಂಡಳಿಯ ಹುಟ್ಟು

ಪ್ಲೇಗಿಗೆ ಉತ್ತರವಾಗಿ ಮುಂಬಯಿಯಲ್ಲಿ 1898ರಲ್ಲಿ ಒಂದು ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಹಳೆಯ ಕೇರಿಗಳನ್ನು ಒಡೆದು ಸ್ಯಾಂಡ್‌ಹರ್ಸ್ಟ್ ರೋಡ್, ಪ್ರಿನ್ಸೆಸ್ ಸ್ಟ್ರೀಟ್‌ಗಳನ್ನು ಮಾಡಿದ್ದು, ದಾದರ್-ಮಾಟುಂಗಾದ ಹೊಲಗದ್ದೆಗಳಲ್ಲಿ ಬಡಾವಣೆಗಳ ನಕ್ಷೆ ಎಳೆದದ್ದು ಅದೇ ಟ್ರಸ್ಟ್. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೆ ನಾಟಕ, ಸಂಗೀತಕ್ಕೆಂದು ಹೋಗುವಾಗ ನಾವು ನಡೆದಾಡುವುದು ಅದು ಹಾಕಿಕೊಟ್ಟ ರಸ್ತೆಗಳ ಮೇಲೆಯೇ.

ಮೈಸೂರು ಸಂಸ್ಥಾನ 1903ರಲ್ಲಿ ನಗರ ಸುಧಾರಣೆಗೆಂದೇ ಕಾಯ್ದೆ ಮಾಡಿತು. ಅದರ ಪ್ರಕಾರ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಕೆಲಸ ಆರಂಭಿಸಿತು. ಇಂಥದ್ದು ದೇಶದಲ್ಲೇ ಮೊದಲು ಎಂದು ನಾವು ಮೈಸೂರಿನವರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಮುಂಬಯಿಯದು ಐದು ವರ್ಷ ಮೊದಲಿನದು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಕಲ್ಕತ್ತೆಯಂಥ ಮಹಾನಗರ ಇಂಥ ಟ್ರಸ್ಟ್ ಕಂಡದ್ದು 1911ರ ಕಾಯ್ದೆಯ ನಂತರ. ಎಪ್ಪತ್ತು ಸಾವಿರ ಜನರೂ ಇಲ್ಲದ ಒಂದು ಊರು ಅದಕ್ಕೂ ಮೊದಲೇ ಎಚ್ಚೆತ್ತದ್ದು ಸಣ್ಣ ಮಾತಲ್ಲ. ಆಗ ದಿವಾನರಾಗಿದ್ದವರು ಪಿ. ಎನ್. ಕೃಷ್ಣಮೂರ್ತಿ, ಆ ಪೂರ್ಣಯ್ಯನವರ ವಂಶಸ್ಥರೇ. ಹಿರಿಯರ ನಾಲೆಯಿಂದ ಊರಿಗಾದ ಕಿರಿಕಿರಿಯನ್ನು ಮನೆಯವರೇ ತೀರಿಸಿದಂತಾಯಿತು.

ತಪ್ಪು ಕಾರಣ, ಸರಿಯಾದ ಮದ್ದು

ಇಲ್ಲೊಂದು ಸ್ವಾರಸ್ಯವಿದೆ. ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ಫ್ರೆಂಚ್ ವೈದ್ಯ ಸಿಮೊಂಡ್ 1898ರಲ್ಲೇ ಹೇಳಿದ್ದರೂ ಹೆಚ್ಚಿನವರು ನಂಬಿರಲಿಲ್ಲ. ಕೆಟ್ಟ ಗಾಳಿ, ಕತ್ತಲೆ, ತೇವ, ಕೊಳಕು ಇವೇ ರೋಗದ ಮೂಲ ಎಂಬುದು ಆಗಿನ ತಿಳಿವಳಿಕೆ. ಆದ್ದರಿಂದ ಮಂಡಳಿ ಕೈಗೆತ್ತಿಕೊಂಡ ಮದ್ದೆಂದರೆ ಬೆಳಕು ಮತ್ತು ಗಾಳಿ. ಕಾರಣ ಪೂರ್ತಿ ಸರಿಯಿರಲಿಲ್ಲ, ಮದ್ದು ಮಾತ್ರ ಕೆಲಸ ಮಾಡುವಂಥದ್ದೇ ಆಗಿತ್ತು. ಒಂದಕ್ಕೊಂದು ಅಂಟಿಕೊಂಡ ಗೋಡೆಗಳು ದೂರವಾದಂತೆ ಇಲಿಗೆ ಅಡಗುವ ಜಾಗವೂ ಕಡಿಮೆಯಾಯಿತು.

ಕೆಲಸದ ಕ್ರಮ ಸರಳ. ಮೊದಲು ಊರಾಚೆ ಜಮೀನು ಕೊಳ್ಳುವುದು. ಆಮೇಲೆ ರಸ್ತೆ, ಚರಂಡಿ, ಸಾಲುಮರ, ಉದ್ಯಾನಗಳಿಗೆ ಜಾಗ ಬಿಟ್ಟು ನಕ್ಷೆ ಹಾಕುವುದು. ಆನಂತರವೇ ನಿವೇಶನಗಳ ಹಂಚಿಕೆ. ಮನೆ ಕಟ್ಟಿಯಾದ ಮೇಲೆ ರಸ್ತೆ ಹುಡುಕುವ ಇಂದಿನ ಪದ್ಧತಿಗೆ ಸರಿಯಾಗಿ ತಿರುವುಮುರುವು! ಕೋಟೆಯೊಳಗಿನ ಮನೆಗಳನ್ನು ಕ್ರಮೇಣ ತೆರವು ಮಾಡಿ ಅಲ್ಲಿನವರಿಗೆ ಹೊಸ ಬಡಾವಣೆಗಳಲ್ಲಿ ನೆಲೆ ಕಲ್ಪಿಸಿದರು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ವಾಣಿವಿಲಾಸ ಮೊಹಲ್ಲಾ ಎನಿಸಿಕೊಂಡ ಒಂಟಿಕೊಪ್ಪಲು ಒಂದೊಂದಾಗಿ ಎದ್ದವು. 1908ರಲ್ಲಿ ವಿದ್ಯುದ್ದೀಪ ಬಂತು. 1912ಕ್ಕೆ ಹೊಸ ಅರಮನೆ ಸಿದ್ಧವಾಯಿತು. 1916ರಲ್ಲಿ ವಿಶ್ವವಿದ್ಯಾನಿಲಯ ಬಂತು. 1881ರಲ್ಲೇ ಆರಂಭವಾಗಿದ್ದ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಆ ಹೊತ್ತಿಗಾಗಲೇ ಕಾಲೇಜಾಗಿತ್ತು. ಅಗಲವಾದ, ದೀಪವಿರುವ ರಸ್ತೆಯಲ್ಲಿ ಪುಸ್ತಕ ಹಿಡಿದು ನಡೆದುಹೋಗುವ ಹುಡುಗಿ ಮೈಸೂರಿಗೆ ಅಪರೂಪದ ದೃಶ್ಯವಾಗಿ ಉಳಿಯಲಿಲ್ಲ. ನಮ್ಮಮ್ಮ ಅಂಥ ಹುಡುಗಿಯರಲ್ಲಿ ಒಬ್ಬಳು.

ನನಗೆ ಬಹಳ ದೊಡ್ಡದೆನಿಸುವುದು ಇದು: ದಿವಾನರು ಬದಲಾದರು, ಯೋಜನೆ ಬದಲಾಗಲಿಲ್ಲ. ಕೃಷ್ಣಮೂರ್ತಿಯವರ ನಂತರ ಮಾಧವರಾಯರು, ವಿಶ್ವೇಶ್ವರಯ್ಯನವರು, ಕಾಂತರಾಜ ಅರಸರು, ಮಿರ್ಜಾ ಇಸ್ಮಾಯಿಲರು ಎಲ್ಲರೂ ಹಿಂದಿನವರು ಬಿಟ್ಟಲ್ಲಿಂದಲೇ ಮುಂದುವರಿಸಿದರು. ಇವರೆಲ್ಲರ ಬೆನ್ನಿಗೆ 1940ರವರೆಗೂ ನಾಲ್ವಡಿ ಕೃಷ್ಣರಾಜ ಒಡೆಯರು ಇದ್ದರು. 1931ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಒಂದು ಲಕ್ಷ ದಾಟಿತು. ಕುಗ್ಗಿದ್ದ ಊರು ಉಸಿರಾಡಿತು. ಆ ಮಂಡಳಿ ಎಂಬತ್ತಕ್ಕೂ ಹೆಚ್ಚು ವರ್ಷ ನಡೆದು, 1988ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಜಾಗ ಬಿಟ್ಟುಕೊಟ್ಟಿತು.

ಹಿಂಬಾಗಿಲ ಲೆಕ್ಕ

ಇನ್ನು ಮೊಮ್ಮಗಳ ಪ್ರಶ್ನೆ. ಮನೆಗಳ ಎರಡು ಸಾಲುಗಳ ಬೆನ್ನಿಗೆ ಬಿಟ್ಟ ಆ ಸಂದಿ ಮಲ ಹೊರುವವರು ಬಂದು ಹೋಗಲೆಂದೇ ಮಾಡಿದ ದಾರಿ. ನೀರು ಎಳೆದುಕೊಂಡು ಹೋಗುವ ಪಾಯಿಖಾನೆ ಇಲ್ಲದ ಕಾಲ. ಕೊಳಕು ಮುಂದಿನ ರಸ್ತೆಗೆ ಬರಬಾರದು, ಹೊರುವವರೂ ಕಣ್ಣಿಗೆ ಬೀಳಬಾರದು. ನಕ್ಷೆ ಬರೆದವರು ಎರಡನ್ನೂ ಒಂದೇ ಗೆರೆಯಲ್ಲಿ ಸಾಧಿಸಿದರು.

ನಾನು ಐದಾರು ವರ್ಷದವಳಿದ್ದಾಗ ಬೆಳಿಗ್ಗೆ ಆ ಸಂದಿಯಲ್ಲಿ ಒಬ್ಬ ಹೆಂಗಸು ಬರುತ್ತಿದ್ದಳು. ತಲೆಯ ಮೇಲೆ ತಗಡಿನ ಡಬ್ಬ, ಸೆರಗು ಮೂಗಿಗೆ. ಹಬ್ಬದ ದಿನ ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು ಮೇಲಿನಿಂದ ಹೋಳಿಗೆ ಹಾಕುತ್ತಿದ್ದರು, ಅವಳು ಸೆರಗೊಡ್ಡುತ್ತಿದ್ದಳು. ಅಜ್ಜಿ ಕೆಟ್ಟವರಲ್ಲ. ಊರಿಗೆಲ್ಲ ಬೇಕಾದವರು. ಆದರೂ ಅವಳ ಹೆಸರೇನೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನೂ ಕೇಳಲಿಲ್ಲ.

ನಗರ ಸುಧಾರಣೆಯ ಕಥೆಯಲ್ಲಿ ಈ ಪುಟವನ್ನು ಹಾರಿಸಿ ಓದಬಾರದು. ರಸ್ತೆ ಅಗಲವಾಯಿತು, ಮನಸ್ಸು ಅದೇ ಅಳತೆಯಲ್ಲಿ ಅಗಲವಾಗಲಿಲ್ಲ. ಹೊಸ ಬಡಾವಣೆಗಳಲ್ಲೂ ಜಾತಿಗೊಂದು ಬೀದಿ, ಮತಕ್ಕೊಂದು ಮೊಹಲ್ಲಾ ಉಳಿದವು. ಮುಂಬಯಿಯ ಟ್ರಸ್ಟ್ ಕೂಡ ಆರಂಭದ ವರ್ಷಗಳಲ್ಲಿ ಬಡವರ ಮನೆಗಳನ್ನು ಕೆಡವಿದಷ್ಟು ಕಟ್ಟಲಿಲ್ಲ. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಲು 1970ರ ದಶಕದ ಆರಂಭದವರೆಗೆ ಕಾಯಬೇಕಾಯಿತು. ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಆ ಆದೇಶ ತಂದರು. ಕೃಷ್ಣಮೂರ್ತಿಯವರ ಕಾಲದಿಂದ ಬಸವಲಿಂಗಪ್ಪನವರ ಕಾಲಕ್ಕೆ ಸುಮಾರು ಎಪ್ಪತ್ತು ವರ್ಷ. ಊರನ್ನು ಸುಧಾರಿಸುವುದಕ್ಕಿಂತ ಊರವರನ್ನು ಸುಧಾರಿಸಲು ಹೆಚ್ಚು ಕಾಲ ಹಿಡಿಯಿತು.

2015 ಮತ್ತು 2016ರ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು ದೇಶಕ್ಕೇ ಮೊದಲು ಬಂದಾಗ ನಾವು ಇಲ್ಲಿ ಪರಸ್ಪರ ಸಿಹಿ ಹಂಚಿದ್ದೆವು. ಆ ಹೆಮ್ಮೆಯಲ್ಲಿ ನಾಲ್ವಡಿಯವರಿಗೆ, ದಿವಾನರಿಗೆ, ವಾಣಿವಿಲಾಸ ಸನ್ನಿಧಾನಕ್ಕೆ ಪಾಲಿದೆ. ಹಿತ್ತಲ ಸಂದಿಯಲ್ಲಿ ಬಂದು ಹೋದ ಹೆಸರಿಲ್ಲದ ಹೆಂಗಸರಿಗೂ ಪಾಲಿದೆ. ಬೆಳಗಿನ ಜಾವ ರಸ್ತೆ ಗುಡಿಸುವ ಇಂದಿನ ಪೌರಕಾರ್ಮಿಕ ಮಹಿಳೆಯರಿಗಂತೂ ಇದ್ದೇ ಇದೆ.

ನಮಗೇನು ಪಾಠ?

ಗೆಳತಿಯರೇ, ನಮ್ಮಲ್ಲಿ ಅನೇಕರ ಕಟ್ಟಡಗಳು ಈಗ ಪುನರ್ನಿರ್ಮಾಣಕ್ಕೆ ನಿಂತಿವೆ. ಸೊಸೈಟಿಯ ಸಭೆಗಳಲ್ಲಿ ನಾವು ಕೇಳುವುದು ಚದರಡಿ ಎಷ್ಟು ಹೆಚ್ಚು ಸಿಗುತ್ತದೆ, ಕಾರಿಗೆ ಜಾಗ ಎಲ್ಲಿ ಎಂದು. ಮೈಸೂರಿನ ಕಥೆಯಿಂದ ನಾನು ಎರಡು ಪ್ರಶ್ನೆ ಕಲಿತೆ. ಒಂದು, ಈ ನಕ್ಷೆ ಐವತ್ತು ವರ್ಷದ ನಂತರ ಇಲ್ಲಿರುವ ಮಕ್ಕಳಿಗೆ ಗಾಳಿ, ಬೆಳಕು, ನೀರು ಕೊಡುತ್ತದೆಯೇ? ಎರಡು, ನಮ್ಮ ಮನೆಗೆಲಸದವಳು, ಕಸ ಒಯ್ಯುವವಳು ಯಾವ ಬಾಗಿಲಿನಿಂದ ಬರಬೇಕೆಂದು ಇದರಲ್ಲಿ ಬರೆದಿದೆ? ಅವರಿಗೆ ಕೂರಲು ಒಂದು ಜಾಗ, ಬಳಸಲು ಒಂದು ಶೌಚಾಲಯ ಇದೆಯೇ?

ನಮ್ಮ ಸೊಸೈಟಿಯ ಸಭೆಯಲ್ಲಿ ಎರಡನೆಯ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಚರ್ಚೆಯಾಯಿತು, ನಕ್ಷೆಯಲ್ಲಿ ಒಂದು ಕೋಣೆ ಸೇರಿತು. ಚಿಕ್ಕ ಕೋಣೆ. ಆದರೂ ಸೇರಿತು.

ಮೊಮ್ಮಗಳಿಗೆ ಈಗ ಉತ್ತರ ಹೇಳಿದ್ದೇನೆ. ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಇಷ್ಟೇ: "ಅಜ್ಜಿ, ಈಗ ನಮ್ಮ ಫ್ಲೋರಿನ ಕಸ ತೆಗೆದುಕೊಂಡು ಹೋಗುತ್ತಾರಲ್ಲ, ಅವರ ಹೆಸರೇನು?" ಮರುದಿನ ಬೆಳಿಗ್ಗೆ ಬಾಗಿಲು ತೆರೆದು ನಾವಿಬ್ಬರೂ ಕೇಳಿ ತಿಳಿದುಕೊಂಡೆವು.