ದರ್ಜಿಯ ಕತ್ತರಿ, ತಾಯಿಯ ಸೂಜಿ: ಬಳ್ಳಾರಿಯ ಕಡಿಮೆ ಖರ್ಚಿನ ಉಡುಪಿನ ಚರಿತ್ರೆ



ಬಳ್ಳಾರಿಯವರು ಎಂದೊಡನೆ ಪರಊರಿನವರು ಮೊದಲು ಬಿಸಿಲಿನ ಬಗ್ಗೆ ಕೇಳುತ್ತಾರೆ, ಆಮೇಲೆ ಗಣಿಯ ಬಗ್ಗೆ, ಆಮೇಲೆ ಜೀನ್ಸ್ ಪ್ಯಾಂಟಿನ ಬಗ್ಗೆ. ಸತ್ಯನಾರಾಯಣಪೇಟೆಯಿಂದ ಕೌಲ್ ಬಜಾರಿನವರೆಗೆ ಯಾವ ಮನೆಯ ಅಟ್ಟ ತಡಕಿದರೂ ಹಳೆಯ ಜೀನ್ಸ್ ಒಂದಾದರೂ ಸಿಕ್ಕೀತು. ಕಡಿಮೆ ಖರ್ಚಿನಲ್ಲಿ ಅಂದವಾಗಿ ಉಡುವುದು, ಹಳೆಯ ಬಟ್ಟೆಯಿಂದ ಮನೆಯಲ್ಲೇ ಹೊಸ ವಸ್ತು ಮಾಡಿಕೊಳ್ಳುವುದು ಇತ್ತೀಚಿನ ಫ್ಯಾಷನ್ ಎಂದು ಹೇಳುವವರಿದ್ದಾರೆ. ನಮ್ಮ ಜಿಲ್ಲೆಯ ಮಟ್ಟಿಗೆ ಇದು ಬಹಳ ಹಳೆಯ ಸಂಗತಿ. ಈ ಚರಿತ್ರೆಯನ್ನು ಎರಡು ಕೈಗಳು ಹೊಲಿದಿವೆ: ಅಂಗಡಿಯಲ್ಲಿ ಕುಳಿತ ದರ್ಜಿಯ ಕೈ, ಮನೆಯಲ್ಲಿ ಕುಳಿತ ಹೆಣ್ಣುಮಗಳ ಕೈ. ಮೊದಲನೆಯದಕ್ಕೆ ಹೆಸರು ಬಂತು. ಎರಡನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಚೆನ್ನಾಗಿ ಕಾಣಬೇಕೆಂಬ ಆಸೆ ಶ್ರೀಮಂತರ ಸೊತ್ತಲ್ಲ ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷ್ಯವಿದೆ. 1443ರಲ್ಲಿ ಹೆರಾತಿನ ಸುಲ್ತಾನ್ ಶಾರುಖ್‌ನ ರಾಯಭಾರಿಯಾಗಿ ಎರಡನೆಯ ದೇವರಾಯನ ವಿಜಯನಗರಕ್ಕೆ ಬಂದ ಅಬ್ದುರ್ ರಜ್ಜಾಕ್, ಅಲ್ಲಿ ಬಜಾರಿನ ಕೆಲಸಗಾರರು ಕೂಡ ಕಿವಿ, ಕೊರಳು, ಕೈಗಳಿಗೆ ಆಭರಣ ಧರಿಸಿರುವುದನ್ನು ಕಂಡು ಬರೆದಿಟ್ಟಿದ್ದಾನೆ. ಅರಮನೆಯ ವೈಭವವನ್ನು ಎಲ್ಲ ಪ್ರವಾಸಿಗರೂ ಬಣ್ಣಿಸಿದ್ದಾರೆ. ನನಗೆ ಮುಖ್ಯವೆನಿಸುವುದು ಈ ಒಂದು ಮಾತು.

1800ರಲ್ಲಿ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಗೆ ಹಸ್ತಾಂತರವಾದ ಮೇಲೆ ಬಳ್ಳಾರಿ ದೊಡ್ಡ ದಂಡಿನ ಊರಾಯಿತು. ಸೈನ್ಯವಿದ್ದಲ್ಲಿ ಸಮವಸ್ತ್ರ ಬೇಕು, ಸಮವಸ್ತ್ರಕ್ಕೆ ದರ್ಜಿ ಬೇಕು. ಹೀಗೆ ಹೊಲಿಗೆಯ ಕಸುಬಿನ ಮನೆತನಗಳು ಇಲ್ಲಿ ಬೇರೂರಿದವು. ಹಿಂದೂ ದರ್ಜಿಗಳಲ್ಲಿ ಅನೇಕರು ಸಂತ ನಾಮದೇವರನ್ನು ತಮ್ಮವರೆನ್ನುತ್ತಾರೆ. ಮುಸ್ಲಿಂ ದರ್ಜಿಗಳು ತಮ್ಮ ಕಸುಬಿನ ಮೂಲವನ್ನು ಹಜ್ರತ್ ಇದ್ರೀಸರಲ್ಲಿ ಕಾಣುತ್ತಾರೆ. ಕತ್ತರಿ, ಗಜಕಡ್ಡಿ, ಬೆರಳಿಗೆ ಹಾಕುವ ಅಂಗುಸ್ತಾನ ಇಬ್ಬರಿಗೂ ಒಂದೇ. ದಂಡು ಹೋಯಿತು, ಕಸುಬು ಉಳಿಯಿತು. ಸೈನಿಕನ ಅಂಗಿ ಹೊಲಿದ ಕೈಗಳು ಶಾಲಾ ಮಕ್ಕಳ ಸಮವಸ್ತ್ರ, ಸಿದ್ಧ ಉಡುಪು ಹೊಲಿದವು, 1980ರ ದಶಕದ ಹೊತ್ತಿಗೆ ಜೀನ್ಸ್‌ಗೆ ತಿರುಗಿದವು.

ಈ ಕೈಗಳಿಗೆ ಬಲ ಕೊಟ್ಟದ್ದು ಹೊಲಿಗೆ ಯಂತ್ರ. ಅಮೆರಿಕದ ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಯಂತ್ರಗಳನ್ನು ಅಷ್ಟಾಗಿ ಒಪ್ಪದ ಗಾಂಧೀಜಿಯೂ ಸಿಂಗರ್ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಮಾಡಿದ ಯಂತ್ರ ಎಂಬುದು ಅವರ ಸಮರ್ಥನೆ. ಒಂದು ಕುಟುಂಬ ಕೊಂಡು ಮನೆಯ ಮೂಲೆಯಲ್ಲಿ ಇಟ್ಟುಕೊಳ್ಳಬಹುದಾದ ಕಾರ್ಖಾನೆ ಎಂದರೆ ಇದೊಂದೇ.

ಜೀನ್ಸ್ ಕೂಡ ಹುಟ್ಟಿದ್ದು ದರ್ಜಿಯೊಬ್ಬನ ಉಪಾಯದಿಂದಲೇ. ಕೂಲಿಗಾರರ ಪ್ಯಾಂಟಿನ ಜೇಬು ಪದೇ ಪದೇ ಹರಿಯುತ್ತಿದ್ದಾಗ ನೆವಾಡಾದ ರೀನೊ ಪಟ್ಟಣದ ದರ್ಜಿ ಜೇಕಬ್ ಡೇವಿಸ್ ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿದ. ಬಟ್ಟೆ ಒದಗಿಸುತ್ತಿದ್ದ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಆ ಬಟ್ಟೆಯ ನೀಲಿಗೆ ಭಾರತದ ನಂಟಿದೆ. ದುಡಿಮೆಯ ಒರಟು ಪ್ಯಾಂಟಿಗೆ ಇಂಗ್ಲಿಷಿನಲ್ಲಿರುವ ‘ಡಂಗರೀ’ ಎಂಬ ಹೆಸರೂ ‘ಡುಂಗ್ರಿ’ ಎಂಬ ನಮ್ಮ ದೇಶದ ಒರಟು ಹತ್ತಿಬಟ್ಟೆಯಿಂದಲೇ ಹೋದದ್ದು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಘಟನೆಯೊಂದಿದೆ. 1995ರ ಸುಮಾರಿಗೆ ಅಹಮದಾಬಾದಿನ ಅರವಿಂದ್ ಮಿಲ್ಸ್ ‘ರಫ್ ಅಂಡ್ ಟಫ್’ ಎಂಬ ಪೊಟ್ಟಣವನ್ನು ಮಾರುಕಟ್ಟೆಗೆ ತಂದಿತು. ಅದರೊಳಗೆ ಒಂದು ಪ್ಯಾಂಟಿಗೆ ಬೇಕಾದ ಡೆನಿಮ್ ಬಟ್ಟೆ, ಜಿಪ್, ರಿವೆಟ್ ಮತ್ತು ಹಿಂದೆ ಅಂಟಿಸುವ ಚೀಟಿ. ಬೆಲೆ 195 ರೂಪಾಯಿ. ಕೊಂಡು ತಂದು ಓಣಿಯ ದರ್ಜಿಗೆ ಕೊಟ್ಟರೆ ಜೀನ್ಸ್ ಸಿದ್ಧ. ಬ್ರಾಂಡೆಡ್ ಜೀನ್ಸ್ ಬೆಲೆ ಕೇಳಿಯೇ ಹಿಂದೆ ಸರಿಯುತ್ತಿದ್ದ ಹುಡುಗರಿಗೆ ಇದು ಕೈಗೆಟುಕಿತು. ದೊಡ್ಡ ಕಂಪನಿಯೊಂದು ಸಾವಿರಾರು ಸಣ್ಣ ದರ್ಜಿಗಳನ್ನು ಪ್ರತಿಸ್ಪರ್ಧಿಗಳೆಂದು ನೋಡದೆ ಪಾಲುದಾರರಂತೆ ನೋಡಿದ್ದು ಅಪರೂಪದ ಸಂಗತಿ. ನಮ್ಮ ಊರಿನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ತಾವೇ ಬ್ರಾಂಡ್ ಕಟ್ಟಿದರು. ಪಾಯಿಂಟ್ ಬ್ಲಾಂಕ್ ಮುಂತಾದ ಬಳ್ಳಾರಿ ಹೆಸರುಗಳು ಹೊರರಾಜ್ಯಗಳ ಅಂಗಡಿಗಳಿಗೂ ಹೋದವು.

ಅಗ್ಗದ ಬಟ್ಟೆಗೂ ಬೆಲೆಯಿದೆ, ಅದನ್ನು ಕೊಳ್ಳುವವರು ಕೊಡುವುದಿಲ್ಲ ಅಷ್ಟೆ. ಜೀನ್ಸ್‌ಗೆ ಮಾಸಿದ ಬಣ್ಣ ಬರಿಸಲು ನೀರು, ರಾಸಾಯನಿಕ ಎರಡೂ ಧಾರಾಳವಾಗಿ ಬೇಕು. ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುವ ಊರಿನಲ್ಲಿ ಚರಂಡಿಯ ನೀರು ನೀಲಿಯಾಗಿ ಹರಿಯುವುದನ್ನು ನೋಡಿ ಖುಷಿಪಡುವವರು ಯಾರು? ಇನ್ನೊಂದು ಬೆಲೆ ಮನೆಯೊಳಗಿನದು. ಹೊಲಿದ ಪ್ಯಾಂಟಿನ ಹೆಚ್ಚುವರಿ ದಾರ ಕತ್ತರಿಸುವುದು, ಗುಂಡಿ ಹಚ್ಚುವುದು ಮುಂತಾದ ಕೆಲಸ ಮನೆಗಳಿಗೆ ಬರುತ್ತದೆ. ಹೆಂಗಸರು ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ ಅದನ್ನು ಮಾಡುತ್ತಾರೆ. ಕೂಲಿ ಪೀಸಿನ ಲೆಕ್ಕದಲ್ಲಿ. ಕೇಳಿದರೆ ಮನೆಯವರೇ “ಸುಮ್ನೆ ಕೂತು ಮಾಡ್ತಾಳ್ರಿ” ಎನ್ನುತ್ತಾರೆ. ಸುಮ್ಮನೆ ಕೂತರೆ ಬೆರಳಲ್ಲಿ ಕತ್ತರಿಯ ಗುರುತು ಬೀಳುವುದಿಲ್ಲ.

ಈ ಕೈಯ ಚರಿತ್ರೆ ದರ್ಜಿಯ ಅಂಗಡಿಗಿಂತ ಹಳೆಯದು. ನಮ್ಮ ಉತ್ತರ ಕರ್ನಾಟಕದ ಕೌದಿಯನ್ನೇ ತೆಗೆದುಕೊಳ್ಳಿ. ಹರಿದ ಸೀರೆ, ಹಳೆಯ ಧೋತರ, ಮಗುವಿಗೆ ಚಿಕ್ಕದಾದ ಅಂಗಿ, ಎಲ್ಲವನ್ನೂ ಪದರ ಪದರವಾಗಿ ಹಾಸಿ, ಸಾದಾ ಹೊಲಿಗೆಯನ್ನು ಸಾಲು ಸಾಲಾಗಿ ಹಾಕಿದರೆ ಕೌದಿ. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಅತಿ ಹೆಚ್ಚು ಜನರನ್ನು ಕಳೆದುಕೊಂಡ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅಂಥ ಬರಗಳನ್ನು ಕಂಡ ಸೀಮೆಯಲ್ಲಿ ಬಟ್ಟೆಯ ಚೂರನ್ನೂ ಎಸೆಯದಿರುವುದು ಜಿಪುಣತನವಲ್ಲ.

ಇದೇ ಕೌದಿಯನ್ನು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಣ್ಣುಮಕ್ಕಳು ‘ಕವಂಡಿ’ ಎನ್ನುತ್ತಾರೆ. ಆಫ್ರಿಕಾ ಮೂಲದ ಈ ಸಮುದಾಯದಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಇದ್ದಾರೆ. ಅವರು ಹೊಲಿಗೆಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮುಸ್ಲಿಂ ಮನೆಯ ಕವಂಡಿಯಲ್ಲಿ ಕೆಲವೊಮ್ಮೆ ಅರ್ಧಚಂದ್ರ, ಕ್ರೈಸ್ತರ ಮನೆಯದರಲ್ಲಿ ಶಿಲುಬೆ ಕಾಣುತ್ತದೆ. ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ ‘ಫೂಲ’ ಹಚ್ಚದಿದ್ದರೆ ಕವಂಡಿ ಬೆತ್ತಲೆ ಎಂಬುದು ಅವರ ಮಾತು. 2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಸಿದ್ದಿ ಮಹಿಳೆಯರ ಸಹಕಾರ ಸಂಘ ರೂಪುಗೊಂಡ ಮೇಲೆ ಈ ಹೊದಿಕೆಗಳು ವಿದೇಶದ ಪ್ರದರ್ಶನಗಳನ್ನೂ ಕಂಡವು.

ನಮ್ಮ ಜಿಲ್ಲೆಯ ಸಂಡೂರಿನ ಕಥೆ ಇನ್ನೂ ದೊಡ್ಡದು. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿ ಸೈನ್ಯಗಳಿಗೆ ಒದಗಿಸುತ್ತಿದ್ದ ಲಂಬಾಣಿಗರ ಜೀವನೋಪಾಯವನ್ನು ರೈಲು ಕಿತ್ತುಕೊಂಡಿತು. ಉಳಿದದ್ದು ಹೆಂಗಸರ ಸೂಜಿ. ಕನ್ನಡಿ ಚೂರು, ಕವಡೆ, ಬಣ್ಣದ ದಾರಗಳ ಆ ಕಸೂತಿಯನ್ನು ಅವರು ಮಾರಲು ಮಾಡಿದ್ದಲ್ಲ, ತಮಗೂ ತಮ್ಮ ಹೆಣ್ಣುಮಕ್ಕಳಿಗೂ ಮಾಡಿದ್ದು. 1984ರಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರ ಅದನ್ನು ದುಡಿಮೆಯಾಗಿ ಮಾಡಿತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ನೆನಪಿಡಿ, ಹೊಲಿಗೆ ಬದಲಾಗಲಿಲ್ಲ. ಅದನ್ನು ಕೆಲಸವೆಂದು ಬರೆದುಕೊಳ್ಳುವ ಒಂದು ಪುಸ್ತಕ, ಕೂಲಿ ಕೊಡುವ ಒಂದು ಮೇಜು ಬಂತು.

ನಮ್ಮ ಮನೆಗಳಲ್ಲಿ ಏನು ಮಾಡಬಹುದು ಎಂದು ಸದಸ್ಯೆಯರು ಕೇಳಬಹುದು. ರಜೆಯಲ್ಲಿ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಅಟ್ಟದ ಹಳೆಯ ಜೀನ್ಸ್ ಇಳಿಸಿ. ಮೊಣಕಾಲಿನ ಭಾಗವೇ ಮೊದಲು ಸವೆಯುವುದು, ಅದನ್ನು ಬಿಟ್ಟು ತೊಡೆಯ ಭಾಗವನ್ನು ಅಡ್ಡಲಾಗಿ ಕತ್ತರಿಸಿ. ಒಳಮೈ ಹೊರಗೆ ಮಾಡಿ ಒಂದು ಬಾಯಿಯನ್ನು ಎರಡು ಸಾಲು ಹೊಲಿದರೆ ಚೀಲದ ತಳವಾಯಿತು. ಬದಿಗಳು ಮೊದಲೇ ಹೊಲಿದಿವೆ, ಅದು ಕಾರ್ಖಾನೆಯವರ ಉಪಕಾರ. ಸೊಂಟದ ಪಟ್ಟಿಯನ್ನು ಬಿಚ್ಚಿ ಹಿಡಿಕೆ ಮಾಡಿ. ಹಿಂಜೇಬನ್ನು ಬಿಚ್ಚದೆ ಸುತ್ತಲೂ ಒಂದು ಬೆರಳು ಬಟ್ಟೆ ಬಿಟ್ಟು ಕತ್ತರಿಸಿ ಗೋಡೆಗೆ ಹಚ್ಚಿದರೆ ಮಕ್ಕಳ ಪೆನ್ನು, ಕತ್ತರಿ ಇಡಲು ಅನುಕೂಲ. ಡೆನಿಮ್ ದಪ್ಪವಿರುವುದರಿಂದ ಮನೆಯ ಯಂತ್ರಕ್ಕೆ ಹದಿನಾರು ನಂಬರಿನ ಸೂಜಿ ಹಾಕಿ, ನಾಲ್ಕು ಪದರ ಕೂಡುವಲ್ಲಿ ಪೆಡಲ್ ತುಳಿಯದೆ ಕೈಯಿಂದಲೇ ಚಕ್ರ ತಿರುಗಿಸಿ. ಕೌದಿ ಹಾಕುವುದಾದರೆ ಜೀನ್ಸ್ ಚೂರುಗಳನ್ನು ಮೇಲ್ಪದರಕ್ಕೆ ಮಾತ್ರ ಇಟ್ಟು, ಒಳಗೆ ಹಳೆಯ ಹತ್ತಿ ಸೀರೆಯನ್ನೇ ಹಾಸಿ, ಇಲ್ಲವಾದರೆ ಸೂಜಿ ಇಳಿಯುವುದಿಲ್ಲ. ಮೊದಲು ಕಚ್ಚಾ ಹೊಲಿಗೆಯಲ್ಲಿ ಪದರಗಳನ್ನು ಹಿಡಿಸಿಕೊಂಡು, ಸಿದ್ದಿ ಹೆಂಗಸರಂತೆ ಅಂಚಿನಿಂದಲೇ ಹೊಲಿಯುತ್ತಾ ನಡುವಿಗೆ ಬನ್ನಿ. ಚೀಲವನ್ನು ಮಾರುವುದಾದರೆ ದಾರ, ಸೂಜಿಯ ಖರ್ಚಿನ ಜೊತೆಗೆ ಕುಳಿತ ತಾಸುಗಳನ್ನೂ ಮಗಳ ನೋಟ್‌ಬುಕ್ಕಿನಲ್ಲಿ ಬರೆಸಿ, ಆಮೇಲೆ ಬೆಲೆ ಹೇಳಿ.